ಮನೆ ಮಂಜೂರು ಮಾಡುವ ಸಾಹೇಬ

ನಮ್ಮ ಮನೆಯ ವಾಷಿಂಗ್ ಮಷೀನು ಮೊನ್ನೆ ಕೆಟ್ಟಿತು. ಕೆಟ್ಟಿತು ಅನ್ನುವುದಕ್ಕಿಂತ ಅದಕ್ಕೆ ಮೈಮೇಲೆ ಬಂತು ಅನ್ನುವುದೇ ಸರಿ. ಬಟ್ಟೆ ಹಿಂಡುವ ಹೊತ್ತಿಗೆ ಹೊಟ್ಟೆಯೊಳಗೆ ಕಟಕಟ ಸದ್ದು ಶುರುವಾಗಿ, ಬಚ್ಚಲುಮನೆಯಿಂದ ಅಡುಗೆಮನೆಯ ಬಾಗಿಲವರೆಗೂ ಕುಣಿಯುತ್ತ ಬಂದು, ವೈರು ಸಾಲದೆ ಅಲ್ಲಿಗೆ ನಿಂತಿತು. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಮೊದಲು ಮಷೀನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎರಡನೆಯ ನೋಟ ಸ್ವಲ್ಪ ಉದ್ದವಾಗಿತ್ತು.

ಗಡಿಯಾರ ಕಂಬದ ಕಡೆಯಿಂದ ಬಂದ ಮೆಕ್ಯಾನಿಕ್ ಕೆಳಗಿನ ಮುಚ್ಚಳ ಬಿಚ್ಚಿ, ಕೈ ಹಾಕಿ, ಬಿಲದಿಂದ ಏಡಿ ಹಿಡಿದವನ ಹಾಗೆ ಒಂದು ಕಲ್ಲನ್ನು ಹೊರಗೆ ತೆಗೆದ. ನೆಲ್ಲಿಕಾಯಿಗಿಂತ ತುಸು ದೊಡ್ಡದು, ಬೆಲ್ಲದ ಬಣ್ಣದ್ದು. ಅದನ್ನು ಬೆಳಕಿಗೆ ಹಿಡಿದು, ಇದು ನಮ್ಮ ಕಡೆಯ ಕಲ್ಲಲ್ಲವಲ್ಲ ಸರ್ ಎಂದ. ಯಾರಿಗೆ ಹೊಡೆಯಲು ಇಟ್ಟುಕೊಂಡಿದ್ದಿರಿ ಎಂದೂ ಕೇಳಿದ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ನಮ್ಮವ್ವನ ದನಿ ಬಂತು.

"ತಮ್ಮಾ, ಸಾಹೇಬ್ರು ಸಿಕ್ರೇನು?"

"ಸಿಕ್ರವ್ವಾ."

"ಪೆಟ್ಟೇನೂ ಆಗಿಲ್ಲಲ್ಲ ಅವ್ರಿಗೆ?"

ಮೆಕ್ಯಾನಿಕ್ ಇನ್ನೊಮ್ಮೆ ಮಷೀನಿನೊಳಗೆ ಇಣುಕಿ ನೋಡಿದ. ಅಲ್ಲಿ ಯಾವ ಸಾಹೇಬರೂ ಇರಲಿಲ್ಲ. ಆಮೇಲೆ ಕೊಟ್ಟಷ್ಟು ತೆಗೆದುಕೊಂಡು, ಚಾ ಕೂಡ ಬೇಡವೆಂದು, ತನ್ನ ಸ್ಕ್ರೂಡ್ರೈವರನ್ನು ನಮ್ಮ ಬಚ್ಚಲಲ್ಲೇ ಬಿಟ್ಟು ಹೊರಟುಹೋದ. ಅದನ್ನು ಒಯ್ಯಲು ಇನ್ನೂ ಬಂದಿಲ್ಲ.

ನೀವೂ ಹಾಗೆ ಎದ್ದು ಹೋಗಬೇಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ತಲೆ ನೆಟ್ಟಗಿದೆ, ಇದ್ದುದರಲ್ಲಿ ನನ್ನದೇ ಸ್ವಲ್ಪ ಅನುಮಾನ. ಪ್ಯಾಂಟಿನ ಜೇಬಿನಲ್ಲಿ ಕಲ್ಲು ಇಟ್ಟುಕೊಂಡು ತಿರುಗುವುದು ನನಗೆ ಚಿಕ್ಕಂದಿನಿಂದ ಬಂದ ಚಾಳಿ. ಹೀಗಾಗಿ ನನ್ನ ಯಾವ ಪ್ಯಾಂಟಿಗೂ ಬಲಗಡೆಯ ಜೇಬು ಪೂರ್ತಿ ಇಲ್ಲ. ಬಿದ್ದ ಚಿಲ್ಲರೆ ನೇರ ಬೂಟಿಗೆ ಹೋಗುತ್ತದೆ. ಕಾಲೇಜಿನಲ್ಲಿ ಹುಡುಗರಿಗೆ ಇಂಗ್ಲಿಷ್ ಪಾಠ ಹೇಳುತ್ತ ನಾನು ಅತ್ತಿತ್ತ ನಡೆದರೆ ಗೆಜ್ಜೆ ಕಟ್ಟಿದ ಹಾಗೆ ಸದ್ದಾಗುತ್ತಿತ್ತೆಂದು ಹಳೆಯ ವಿದ್ಯಾರ್ಥಿಗಳು ಈಗಲೂ ಹೇಳಿಕೊಂಡು ನಗುತ್ತಾರೆ.

ಈ ಚಾಳಿಯ ಮೂಲ ಇರುವುದು ಮುನಿರಾಬಾದಿನಲ್ಲಿ. ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಡ್ಯಾಮಿನ ಕಾಲೊನಿಯಲ್ಲಿ. ಅಪ್ಪ ಡ್ಯಾಮಿನ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ಸಾಲಾಗಿ ನಿಂತ ಕ್ವಾರ್ಟರ್ಸುಗಳನ್ನು ದಾಟಿ ಕಾಲುವೆಯ ಏರಿಯ ಕಡೆ ಹೋದರೆ ಬೇವಿನ ಮರಗಳ ಕೆಳಗೆ ಮೊಳಕಾಲೆತ್ತರದ ಒಂದು ಕಂಪೌಂಡು, ಅದರೊಳಗೆ ಮೂರು ಗೋರಿಗಳು. ಕಾಲೊನಿಯವರೆಲ್ಲ ಅದನ್ನು ಸಾಹೇಬನ ಕಟ್ಟಿ ಅನ್ನುತ್ತಿದ್ದರು. ಗೋರಿಯ ಮೇಲೆ ಕೆತ್ತಿದ ಅಕ್ಷರ ಕನ್ನಡವಲ್ಲ, ಇಂಗ್ಲಿಷಲ್ಲ. ನನ್ನ ಗೆಳೆಯ ಖಾಜಾನ ಅಪ್ಪ ಉರ್ದು ಬಲ್ಲವರು. ಅವರು ಬಲದಿಂದ ಎಡಕ್ಕೆ ಬೆರಳಿಟ್ಟು ಓದಲು ನೋಡಿ, ದಾರಿಯೇನೋ ನಮ್ಮದೇ, ಆದರೆ ಅಕ್ಷರ ನಮ್ಮವಲ್ಲ ಎಂದು ಕೈಬಿಟ್ಟಿದ್ದರು. ಹೊಸಪೇಟೆಯಿಂದ ಒಮ್ಮೆ ಬಂದಿದ್ದ ಪಾದ್ರಿಗಳು ಶಿಲುಬೆ ಇಲ್ಲವಲ್ಲ ಎಂದು ವಾಪಸು ಹೋಗಿದ್ದರು. ನಮ್ಮ ಕಡೆಯ ಅಯ್ಯನವರಂತೂ ದೂರದಿಂದಲೇ ನಮ್ಮದಲ್ಲ ಅಂದುಬಿಟ್ಟರು. ಯಾರದೂ ಅಲ್ಲ ಎಂದು ಹೀಗೆ ಖಾತ್ರಿಯಾದ ಮೇಲೆ ಅದು ಎಲ್ಲರದೂ ಆಯಿತು.

ಕತೆ ಗೊತ್ತಿದ್ದದ್ದು ಇಷ್ಟು. ನಿಜಾಮರ ಕಾಲದಲ್ಲಿ ಡ್ಯಾಮಿನ ನಕಾಶೆ ಮಾಡಲು ಯುರೋಪಿನಿಂದ ಒಬ್ಬ ಇಂಜಿನಿಯರ್ ಸಾಹೇಬ ಬಂದ, ಯಹೂದಿ ಎಂಬುದು ಆಮೇಲೆ ತಿಳಿದದ್ದು. ಜೊತೆಗೆ ವಯಸ್ಸಾದ ತಾಯಿ, ಹೆಂಡತಿ. ಮೊದಮೊದಲು ಅವರೂ ಎಲ್ಲರ ಹಾಗೆ ಡೇರೆಯಲ್ಲಿದ್ದರು, ಆಮೇಲೆ ತಗಡಿನ ಶೆಡ್ಡಿನಲ್ಲಿ. ತಾಯಿ ಅಲ್ಲೇ ತೀರಿಕೊಂಡಳು. ಸೊಸೆ ವಾರಕ್ಕೊಮ್ಮೆ ಬಂದು, ದಾರಿಯಲ್ಲಿ ಆರಿಸಿದ ಒಂದು ಸಣ್ಣ ಕಲ್ಲನ್ನು ಅತ್ತೆಯ ಗೋರಿಯ ಮೇಲಿಟ್ಟು, ಕಂಪೌಂಡಿನ ಹೊರಗಿದ್ದ ಗಡಿಗೆಯ ನೀರಿನಲ್ಲಿ ಕೈ ತೊಳೆದುಕೊಂಡು ಹೋಗುತ್ತಿದ್ದಳು. ಹೂವಿಲ್ಲ, ಕಾಯಿಲ್ಲ, ಊದಿನಕಡ್ಡಿ ಇಲ್ಲ. ಅವರಲ್ಲಿ ಅದೇ ಪದ್ಧತಿಯಂತೆ. ಗೋರಿಯ ಮೇಲೆ ಕಲ್ಲಿಟ್ಟರೆ, ನಾನು ಬಂದಿದ್ದೆ, ನಿನ್ನನ್ನು ಮರೆತಿಲ್ಲ ಎಂದರ್ಥವಂತೆ. ಅದು ನಮಗೆ ತಿಳಿದದ್ದು ಹೋದ ವರ್ಷ.

ಅದನ್ನು ಆಗ ನೋಡುತ್ತಿದ್ದವರು ಡ್ಯಾಮಿಗೆ ಕಲ್ಲು ಹೊರುತ್ತಿದ್ದ ಹೆಂಗಸರು. ಅವರಿಗೆ ಕಲ್ಲಿನ ಮೇಲೆ ಕಲ್ಲಿಡುವುದಕ್ಕೆ ಒಂದೇ ಒಂದು ಅರ್ಥ ಗೊತ್ತು. ಹೊಳೆಯಾಚೆ ಹಂಪಿಯ ಗುಡ್ಡಕ್ಕೆ ಹೋದರೆ ನೀವೂ ನೋಡಿರುತ್ತೀರಿ, ದಾರಿಯುದ್ದಕ್ಕೂ ಪುಟ್ಟ ಪುಟ್ಟ ಕಲ್ಲಿನ ಮನೆಗಳು. ಸ್ವಂತ ಮನೆ ಬೇಕೆಂದು ಬೇಡಿಕೊಂಡವರು ಹಾಗೆ ಒಂದರ ಮೇಲೊಂದು ಕಲ್ಲಿಟ್ಟು ಬರುತ್ತಾರೆ. ಪಾಪ, ಇಷ್ಟು ದೊಡ್ಡ ಸಾಹೇಬನ ಹೆಂಡತಿಗೂ ಮನೆಯಿಲ್ಲದೆ ಅತ್ತೆಯ ಹತ್ತಿರ ಬೇಡಿಕೊಳ್ಳುವ ಗತಿ ಬಂತಲ್ಲ ಎಂದು ಅವರು ಮರುಗಿದರು. ಅಷ್ಟರಲ್ಲಿ ಕೆಂಪು ಹಂಚಿನ ಕಲ್ಲಿನ ಬಂಗಲೆಯೊಂದು ಕಟ್ಟಿ ಮುಗಿದು, ಆ ಸಾಹೇಬನ ಸಂಸಾರ ಶೆಡ್ಡಿನಿಂದ ಅದಕ್ಕೆ ಹೋಯಿತು. ಇನ್ನೇನು ಬೇಕು? ಮರುದಿನದಿಂದಲೇ ಆ ಮುದುಕಿಯ ಗೋರಿಯ ಮೇಲೆ ಕಲ್ಲುಗಳು ಹೆಚ್ಚತೊಡಗಿದವು. ಡ್ಯಾಮು ತುಂಬುವ ಮೊದಲೇ ಸಾಹೇಬನೂ ತೀರಿಕೊಂಡಾಗ ಜನ ಅತ್ತರು, ಅತ್ತು ಮುಗಿಸಿ ಚಾರ್ಜನ್ನು ತಾಯಿಯಿಂದ ಮಗನಿಗೆ ವಹಿಸಿದರು. ಮನೆಯ ವಿಷಯ ತಾಯಿಗಿಂತ ಇಂಜಿನಿಯರ್‌ಗೇ ಹೆಚ್ಚು ತಿಳಿಯುತ್ತದೆಂಬುದು ಅವರ ಲೆಕ್ಕಾಚಾರ. ಹೆಂಡತಿ ಇಲ್ಲೇ ಹುಟ್ಟಿದ ಎಳೆಯ ಮಗಳನ್ನು ಕರೆದುಕೊಂಡು ಪರದೇಶಕ್ಕೆ ಹೋದಳು. ಕಲ್ಲುಗಳು ಉಳಿದವು.

ನಾವು ದೊಡ್ಡವರಾಗುವ ಹೊತ್ತಿಗೆ ಅದಕ್ಕೆ ಕಾಯ್ದೆ ಕಾನೂನೆಲ್ಲ ಬಂದಿದ್ದವು. ಶನಿವಾರ ಹೋಗುವಂತಿಲ್ಲ, ಯಾಕೆಂದರೆ ಸಾಹೇಬನ ಹೆಂಡತಿ ಅಮ್ಮಾವ್ರು ಶನಿವಾರ ಬರುತ್ತಿರಲಿಲ್ಲ, ಅಂದರೆ ಅವತ್ತು ಸಾಹೇಬನಿಗೆ ರಜೆ. ಹೊರಗೆ ಬಂದ ಮೇಲೆ ಕೈ ತೊಳೆಯಬೇಕು. ಹೂವು ಏರಿಸಬಾರದು, ಏರಿಸಿದರೆ ಲಂಚ ಕೊಟ್ಟಂತಾಗಿ ಸಾಹೇಬ ಸಿಟ್ಟಾಗುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಕಲ್ಲು ಓರೆಯಾಗಿ ಇಡಬಾರದು. ನಕಾಶೆ ನೆಟ್ಟಗಿಲ್ಲದಿದ್ದರೆ ಇಂಜಿನಿಯರ್ ಮಂಜೂರು ಮಾಡುತ್ತಾನೆಯೇ?

ಒಬ್ಬ ಕ್ಲಾರ್ಕು ತನ್ನ ದರ್ಜೆಗೆ ಮೀರಿದ ದೊಡ್ಡ ಕ್ವಾರ್ಟರ್ಸಿಗಾಗಿ ವರಾಂಡ ಸಮೇತ ಕಲ್ಲು ಜೋಡಿಸಿ ಬಂದ. ಸಿಕ್ಕಿತು, ಆದರೆ ರಾಯಚೂರಿಗೆ ವರ್ಗವಾಗಿ ಅಲ್ಲಿ. ಅವತ್ತಿನಿಂದ ಎಲ್ಲರೂ ಕಲ್ಲಿಡುವಾಗ 'ಇದ ಊರಾಗ್ರಿ ಸಾಹೇಬ್ರ' ಎಂದು ಬಾಯಿಬಿಟ್ಟು ಹೇಳತೊಡಗಿದರು. ನಮ್ಮ ಪಕ್ಕದ ಸಾಲಿನ ಹೊಸ ಸೊಸೆಯೊಬ್ಬಳು ಬೇರೆ ಮನೆ ಬೇಕೆಂದು ದಿನಾ ಸಂಜೆ ಒಂದು ಕಲ್ಲು ಏರಿಸುತ್ತಿದ್ದಳು, ಅವಳ ಅತ್ತೆ ದಿನಾ ಬೆಳಿಗ್ಗೆ ಹೋಗಿ ಅದನ್ನು ಇಳಿಸಿ ಬರುತ್ತಿದ್ದಳು. ಇಬ್ಬರೂ ಕೈ ಮಾತ್ರ ತಪ್ಪದೆ ತೊಳೆಯುತ್ತಿದ್ದರು. ನಾನೂ ಒಮ್ಮೆ ಗಣಿತದಲ್ಲಿ ಪಾಸು ಮಾಡಿಸೆಂದು ಕಲ್ಲಿಟ್ಟು ಬಂದಿದ್ದೆ, ಫೇಲಾದೆ. ಅವ್ವ ಸಮಾಧಾನ ಹೇಳಿದಳು. ಪಾಸು ಫೇಲು ಅವರ ಖಾತೆಯಲ್ಲವಂತೆ, ನಾನು ನಾಯಿಗೆ ಒಂದು ಗೂಡಾದರೂ ಕೇಳಬೇಕಿತ್ತಂತೆ.

ಇನ್ನು ಅವ್ವನ ವಿಷಯ. ಉಳಿದವರದ್ದು ಬೇಡಿಕೆಯಾದರೆ ಅವಳದ್ದು ತಕರಾರು.

ಅವ್ವನ ತವರೂರು ಡ್ಯಾಮಿನ ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಒಂದು. ಆಗ ಅವಳಿಗೆ ಆರೋ ಏಳೋ ವರ್ಷ. ಊರು ಬಿಡುವ ದಿನ ಅವಳ ತಾಯಿ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಬಂಡಿಯಲ್ಲಿ ಹೇರಿಕೊಂಡು ಬಂದಿದ್ದಳಂತೆ. ಬಹಳ ದಿನ ಆ ಬಾಗಿಲು ಸಂಬಂಧಿಕರ ದನದ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿತ್ತಂತೆ, ಹಿಂದೆ ಮನೆಯಿಲ್ಲದೆ. ಆಟಕ್ಕೆ ಮಕ್ಕಳೆಲ್ಲ ಆ ಬಾಗಿಲು ತಟ್ಟಿ, ಯಾರದಾರ ಒಳಗ ಎಂದು ಕೇಳುತ್ತಿದ್ದರಂತೆ. ಅವ್ವ ಇದನ್ನು ನಗುತ್ತಲೇ ಹೇಳುತ್ತಾಳೆ, ಹೇಳಿ ಮುಗಿಸಿದ ಮೇಲೆ ಮಾತ್ರ ಎದ್ದು ಏನಾದರೊಂದು ಕೆಲಸ ಹುಡುಕುತ್ತಾಳೆ.

ಅಂಥವಳನ್ನು ಮದುವೆಯಾದದ್ದು ಡ್ಯಾಮಿನ ಗೇಟು ತೆಗೆಯುವ ನಮ್ಮಪ್ಪ. ಡ್ಯಾಮು ತುಂಬಿತೆಂದರೆ ಊರಿಗೆಲ್ಲ ಹಬ್ಬ, ನಮ್ಮ ಮನೆಯಲ್ಲಿ ಅಪ್ಪನಿಗೆ ಮಾತಿಲ್ಲದ ಊಟ. ತಾಟು ಕುಕ್ಕಿದ ಸದ್ದಿನಿಂದಲೇ ನನಗೆ ನೀರು ಎಷ್ಟು ಏರಿದೆಯೆಂದು ತಿಳಿಯುತ್ತಿತ್ತು. ಅಪ್ಪ ಪಾಪ, ನಾನೇನು ಮಳೆ ತರಿಸಿದೆನೇ ಎಂದು ಗೊಣಗುತ್ತ ರೊಟ್ಟಿ ಮುರಿಯುತ್ತಿದ್ದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಅವಳ ಊರಿನ ಗೋಡೆಯ ಬುಡಗಳು ಮೇಲೆದ್ದವೆಂದರೆ ಮತ್ತೆ ಅಪ್ಪನಿಗೆ ಹೋಳಿಗೆ.

ಪ್ರತಿ ಬೇಸಿಗೆ ಅವ್ವ ನನ್ನನ್ನು ಕರೆದುಕೊಂಡು ಆ ಊರಿಗೆ ಹೋಗುತ್ತಿದ್ದಳು. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು, ತನ್ನ ಮನೆ ಗುರುತು ಹಿಡಿದು, ಗೋಡೆಯ ಬುಡದಿಂದ ಒಂದು ಕಲ್ಲು ಆರಿಸಿ ನನ್ನ ಜೇಬಿಗೆ ಹಾಕುವಳು. ಸೀರೆಗೆ ಜೇಬಿಲ್ಲವಲ್ಲ. ನನ್ನ ಜೇಬುಗಳ ದುರ್ಗತಿ ಶುರುವಾದದ್ದು ಹಾಗೆ. ಆ ಕಲ್ಲನ್ನು ತಂದು ಸಾಹೇಬನ ಗೋರಿಯ ಮೇಲೆ, ಇತರರ ಮನೆಗಳಿಂದ ದೂರ, ತಲೆಯ ಹತ್ತಿರದ ಮೂಲೆಯಲ್ಲಿ ಇಡುವಳು. ಬೇಡಿಕೊಳ್ಳುತ್ತಿರಲಿಲ್ಲ, ನೆನಪು ಮಾಡಿಕೊಡುತ್ತಿದ್ದಳು. ಯಾರು ತೆಗೆದುಕೊಂಡರೋ ಅವರನ್ನೇ ಕೇಳಬೇಕೆಂಬುದು ಅವಳ ವಾದ. ಕೇಸು ಹಾಕೀನಿ ಅನ್ನುತ್ತಿದ್ದಳು. ಅಪ್ಪ ನಿವೃತ್ತರಾಗಿ, ತೀರಿಹೋಗಿ, ನಾನು ಕೊಪ್ಪಳದಲ್ಲಿ ಮನೆ ಕಟ್ಟಿಸಿದೆ. ಗೃಹಪ್ರವೇಶದ ದಿನ ಅವ್ವ ಎಲ್ಲ ಕೋಣೆಗಳನ್ನೂ ನೋಡಿ, ಛಲೋ ಆಗೇತಿ, ಆದರ ಇದು ನಿನ್ನ ಮನಿ ಅಂದಳು. ಕೇಸು ಮುಂದುವರಿಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಖಾಜಾ ಫೋನು ಮಾಡಿದ. ಅವನು ಈಗಲೂ ಮುನಿರಾಬಾದಿನಲ್ಲಿ ಚಾದಂಗಡಿ ಇಟ್ಟುಕೊಂಡಿದ್ದಾನೆ, ಊರಿನ ಸುದ್ದಿಯೆಲ್ಲ ಅವನ ಕೆಟಲಿನ ಮೂಲಕವೇ ಹಾಯುತ್ತದೆ. ಪರದೇಶದ ಒಬ್ಬ ಹುಡುಗಿ ಬಂದಿದ್ದಾಳೆ, ಸಾಹೇಬನ ಮರಿಮಗಳಂತೆ, ಟೇಪು ಹಿಡಿದು ಗೋರಿ ಅಳೆಯುತ್ತಿದ್ದಾಳೆ, ಸಾಹೇಬನನ್ನು ಎಬ್ಬಿಸಿಕೊಂಡು ತಮ್ಮ ಊರಿಗೆ ಒಯ್ಯುತ್ತಾರಂತೆ ಎಂದ. ನಾನು ಫೋನನ್ನು ಸ್ಪೀಕರಿಗೆ ಹಾಕಿದ್ದು ನನ್ನ ತಪ್ಪು. ಅವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ಕೇಸ್ ಇನ್ನೂ ಮುಗದಿಲ್ಲ," ಎಂದಳು. "ಅವ್ರು ಹ್ಯಾಂಗ ಊರು ಬಿಡ್ತಾರ?"

ಕೊಪ್ಪಳದಿಂದ ಮುನಿರಾಬಾದಿಗೆ ಅವತ್ತು ಕಾರು ಓಡಿಸಿದ್ದು ನಾನಾದರೂ ಓಡಿಸಿದವಳು ಅವಳೇ. ದಾರಿಯುದ್ದಕ್ಕೂ ನಾನು ಇಂಗ್ಲಿಷ್ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ್ದೇನೆ ನಿಜ, ಆದರೆ ಎದುರಿಗೆ ಕರಿಹಲಗೆ ಇದ್ದಾಗ. ಎದುರಿಗೆ ಮನುಷ್ಯರು, ಅದರಲ್ಲೂ ಉತ್ತರ ಕೊಡುವ ಮನುಷ್ಯರು ಇದ್ದರೆ ನನ್ನ ವ್ಯಾಕರಣವೆಲ್ಲ ಬೆವರಿನಲ್ಲಿ ಹೋಗುತ್ತದೆ.

ಆ ಹುಡುಗಿಯ ಹೆಸರು ಹನ್ನಾ. ಗುಂಗುರು ಕೂದಲು, ಬಿಸಿಲಿಗೆ ಟೊಮೆಟೊ ಆದ ಮುಖ. ಟೇಪನ್ನು ಮಡಿಲಲ್ಲಿ ಹಾಕಿಕೊಂಡು ಕಂಪೌಂಡಿನ ಮೇಲೆ ಬೆಪ್ಪಾಗಿ ಕೂತಿದ್ದಳು. ಸಾಹೇಬನ ಮಗಳು, ಅಂದರೆ ಇವಳ ಅಜ್ಜಿ, ಈಗ ಹಾಸಿಗೆ ಹಿಡಿದಿದ್ದಾಳಂತೆ. ತನ್ನಪ್ಪನ ಗೋರಿಯ ಮೇಲೆ ಒಂದು ಕಲ್ಲಿಡುವವರೂ ಅಲ್ಲಿ ಇಲ್ಲವಲ್ಲ ಎಂಬುದೊಂದೇ ಅವಳ ಹಳಹಳಿಯಂತೆ. ಆದ್ದರಿಂದ ಮನೆಯವರೆಲ್ಲ ಸೇರಿ ಅವರನ್ನು ತಮ್ಮ ಹತ್ತಿರಕ್ಕೇ ತಂದುಕೊಳ್ಳಲು ನಿಶ್ಚಯಿಸಿದ್ದಾರೆ, ಕಾಗದಪತ್ರ ಓಡಾಡುತ್ತಿವೆ, ಇವಳು ಅಳತೆಗೆ ಬಂದಿದ್ದಾಳೆ. ಬಂದು ನೋಡಿದರೆ ಗೋರಿ ಕಾಣದಷ್ಟು ಕಲ್ಲು! ಬಾಗಿಲಲ್ಲಿ ಕೈ ತೊಳೆಯಲು ಗಡಿಗೆ. ಒಂದು ಹೂವಿನ ಎಸಳೂ ಇಲ್ಲ. ಅವಳು ನನ್ನನ್ನು ಬಹಳ ಮೆಲ್ಲಗೆ, ಎಚ್ಚರದಿಂದ ಕೇಳಿದಳು. ಈ ಊರಿನಲ್ಲಿ ಇನ್ನೂ ಯಹೂದಿಯರು ಇದ್ದಾರೆಯೇ? ನೀವು ಯಹೂದಿಯರೇ?

ನಾನು ಅವ್ವನಿಗೆ ಪ್ರಶ್ನೆಯನ್ನು ದಾಟಿಸಿದೆ. ಅವ್ವ ಕೊರಳಿನ ಲಿಂಗದ ದಾರ ಮುಟ್ಟಿಕೊಂಡು, ನಾವು ಲಿಂಗಾಯತರು ಅನ್ನು ಎಂದಳು. ಶನಿವಾರ ಯಾರೂ ಬರುವುದಿಲ್ಲ, ಸಾಹೇಬರಿಗೆ ರಜೆ, ನೀನೂ ಶನಿವಾರ ಬರಬೇಡ ಅಂತಲೂ ಹೇಳು ಎಂದಳು. ಅದನ್ನು ಹೇಳಿದಾಗ ಆ ಹುಡುಗಿಯ ಕಣ್ಣು ತುಂಬಿಬಿಟ್ಟವು. ಶನಿವಾರ ಯಹೂದಿಗಳು ಯಾವ ಕೆಲಸವನ್ನೂ ಮಾಡದ ಬಿಡುವಿನ ದಿನವಂತೆ. ಎಲ್ಲಿಯ ಮುನಿರಾಬಾದು, ಎಲ್ಲಿಯ ಅವರ ಶನಿವಾರ.

ಈಗ ನನಗೆ ಪೇಚಿಗಿಟ್ಟುಕೊಂಡಿತು. ಇಷ್ಟು ಕಲ್ಲು ಇಟ್ಟವರು ಯಾರು, ಯಾಕೆ ಇಟ್ಟರು ಎಂದು ಅವಳು ಕೇಳುತ್ತಿದ್ದಾಳೆ. ನಿಮ್ಮ ಮುತ್ತಜ್ಜನ ಪ್ರೀತಿಗೆ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು, ವಾಕ್ಯವೂ ಸುಲಭವಾಗಿತ್ತು. ಆದರೆ ಅವ್ವ ಪಕ್ಕದಲ್ಲೇ ನಿಂತಿದ್ದಳು. ಇಂಗ್ಲಿಷ್ ಬಾರದಿದ್ದರೂ ನಾನು ಸುಳ್ಳು ಹೇಳಿದರೆ ಯಾವ ಭಾಷೆಯಲ್ಲಾದರೂ ಅವಳಿಗೆ ಗೊತ್ತಾಗುತ್ತದೆ. ಇದ್ದದ್ದನ್ನೇ ಹೇಳಿದೆ. ಇವು ಮನೆ ಬೇಕೆಂಬ ಅರ್ಜಿಗಳು, ನಿಮ್ಮ ಮುತ್ತಜ್ಜ ಇಲ್ಲಿ ಮನೆ ಮಂಜೂರು ಮಾಡುತ್ತಾರೆ, ಹಂಚಿನದು, ತಾರಸಿಯದು, ಎರಡೂ. ರಾಯಚೂರಿನ ಕ್ಲಾರ್ಕಿನ ಕತೆ ಹೇಳಿದೆ. ಕಲ್ಲು ಇಳಿಸುವ ಅತ್ತೆಯ ಕತೆಯನ್ನೂ ಹೇಳಿದೆ.

ಹನ್ನಾ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ಬಂತು ನೋಡಿ, ನಕ್ಕು ನಕ್ಕು ಕಂಪೌಂಡಿನಿಂದ ಜಾರಿ ನೆಲಕ್ಕೆ ಕೂತಳು. ಅವಳು ನಗುವುದನ್ನು ನೋಡಿ ಅವ್ವ ನಗತೊಡಗಿದಳು, ಖಾಜಾ ಚಾದ ಕೆಟಲನ್ನು ಕೆಳಗಿಟ್ಟು ನಕ್ಕ, ನನಗಂತೂ ಪಕ್ಕೆ ನೋವು ಬಂತು. ಆ ನಗುವಿನ ಮಧ್ಯದಲ್ಲೇ ಹನ್ನಾ ಮೂರನೆಯ ಗೋರಿಯ ಗುಟ್ಟನ್ನೂ ಬಿಚ್ಚಿದಳು. ಅದು ಸಾಹೇಬನ ಸೋದರಮಾವನದಂತೆ. ಒಂದು ವಾರ ಇದ್ದು ಹೋಗುತ್ತೇನೆಂದು ಬಂದವನು ಹೋಗಲೇ ಇಲ್ಲವಂತೆ. ಇಂಥ ಒಬ್ಬ ನೆಂಟ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಇರುತ್ತಾನೆಂದು ಹೇಳಿದಾಗ ಅವಳು ಮತ್ತೆ ಹೊಟ್ಟೆ ಹಿಡಿದುಕೊಂಡಳು. ಮಸಣದಲ್ಲಿ ನಾನು ಅಷ್ಟು ನಕ್ಕದ್ದು ಅದೊಂದೇ ಸಲ.

ನಗು ಇಳಿದ ಮೇಲೆ ಅವಳು ಮೂಲೆಯ ಕಲ್ಲುಗಳನ್ನು ತೋರಿಸಿದಳು. ಉಳಿದವೆಲ್ಲ ಮನೆಯ ಹಾಗಿವೆ, ಇವು ಮಾತ್ರ ಯಾಕೆ ಸುಮ್ಮನೆ ರಾಶಿ ಬಿದ್ದಿವೆ ಎಂದು ಕೇಳಿದಳು. ಅವು ನಮ್ಮವ್ವನವು, ಇದೇ ಡ್ಯಾಮಿನಲ್ಲಿ ಮುಳುಗಿದ ಅವಳ ಮನೆಯ ಗೋಡೆಯ ಕಲ್ಲುಗಳು ಎಂದೆ. ಕಿತ್ತು ತಂದ ಬಾಗಿಲಿನ ವಿಷಯವನ್ನೂ ಹೇಗೋ ತೊದಲಿ ಹೇಳಿದೆ.

ಹನ್ನಾ ಎದ್ದು ಅವ್ವನ ಎದುರಿಗೆ ಬಂದು ನಿಂತಳು. ಆಮೇಲೆ ನನಗಲ್ಲ, ಅವ್ವನಿಗೇ ಹೇಳತೊಡಗಿದಳು, ನಾನು ನಡುವೆ ಕನ್ನಡ ಮಾಡುತ್ತ ಹೋದೆ. ಸಾಹೇಬನ ಊರಿನ ಹೆಸರು ನನ್ನ ನಾಲಿಗೆಗೆ ಬರುವಂಥದ್ದಲ್ಲ, ತುಂಬ ಒತ್ತಕ್ಷರ. ಅಲ್ಲಿ ಅವರಿಗೊಂದು ಸ್ವಂತ ಮನೆಯಿತ್ತು. ಯಹೂದಿಗಳೆಂಬ ಒಂದೇ ಕಾರಣಕ್ಕೆ ಅವರನ್ನು ಅದರಿಂದ ಹೊರಗೆ ಹಾಕಿ ಬೇರೆಯವರು ಬಂದು ಕೂತರು. ಹೊರಡುವಾಗ ಸಾಹೇಬನ ತಾಯಿ ಕಿಟಕಿಯ ಪರದೆಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿ ಹಾಕಿಕೊಂಡಳು. ಅವನ್ನು ಇಲ್ಲಿ ಮುನಿರಾಬಾದಿನ ಡೇರೆಯಲ್ಲಿ ಕಟ್ಟಿಕೊಂಡಿದ್ದಳಂತೆ. ಡೇರೆಗೆ ಕಿಟಕಿ ಇರಲಿಲ್ಲ. ಬಟ್ಟೆಯ ಗೋಡೆಗೇ ಪರದೆ ಕಟ್ಟಿ, ದಿನಾ ಬೆಳಿಗ್ಗೆ ಸರಿಸಿ, ದಿನಾ ಸಂಜೆ ಮುಚ್ಚುತ್ತಿದ್ದಳಂತೆ.

ಅವ್ವ ಬಹಳ ಹೊತ್ತು ಆ ಮುದುಕಿಯ ಗೋರಿಯನ್ನು ನೋಡಿದಳು. ಅಷ್ಟು ವರ್ಷ ಮಗನ ಮೇಲೇ ಕಣ್ಣಿಟ್ಟಿದ್ದವಳು ತಾಯಿಯ ಕಡೆ ಮುಖ ಮಾಡಿದ್ದು ಅವತ್ತೇ ಮೊದಲು. ಅವರಲ್ಲಿ ಕಿಟಕಿಯಿಲ್ಲದ ಪರದೆ, ನಮ್ಮಲ್ಲಿ ಮನೆಯಿಲ್ಲದ ಬಾಗಿಲು. ನಾನು ಕೂಲಿಂಗ್ ಗ್ಲಾಸು ಹಾಕಿಕೊಂಡೆ. ಖಾಜಾ ಎಲ್ಲರಿಗೂ ಇನ್ನೊಂದು ಸುತ್ತು ಚಾ ಹಾಕಿದ.

"ತಂಗಿ," ಎಂದಳು ಅವ್ವ, ಹನ್ನಾಳ ಕೈ ಹಿಡಿದು. "ಇವ್ರನ್ನ ಎಬ್ಬಸಬ್ಯಾಡ. ಒಂದ್ ಸಲ ಎದ್ದು ಬಂದಾರ. ಇನ್ನೊಂದ್ ಸಲ ಯಾರನ್ನೂ ಎಬ್ಬಸಬಾರದು. ಕಲ್ಲಿಡಾಕ ನಾವದೀವಿ ಅಂತ ನಿಮ್ಮಜ್ಜಿಗ ಹೇಳು."

ನಾನು ಇದನ್ನು ಇಂಗ್ಲಿಷಿಗೆ ಹೇಗೆ ಮಾಡಿದೆನೋ ನನಗೇ ನೆನಪಿಲ್ಲ. ವ್ಯಾಕರಣ ಖಂಡಿತ ತಪ್ಪಿತ್ತು. ಆದರೆ ಅವಳು ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅವ್ವ ಬಗ್ಗಿ, ತನ್ನ ರಾಶಿಯಿಂದ ಒಂದು ಕಲ್ಲನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು. ಸಾಹೇಬರ ಹಳೆಯ ಮನೆ ಇನ್ನೂ ಇದ್ದರೆ ಅದರ ಮುಂದೆ ಇದನ್ನು ಇಟ್ಟು ಬಾ ಎಂದಳು. ಕೇಸು ವಾಪಸು ತೆಗೆದುಕೊಂಡೆಯಾ ಎಂದು ನಾನು ದಾರಿಯಲ್ಲಿ ಕೇಳಿದ್ದಕ್ಕೆ, ರಾಜಿ ಆತು ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ಸಾಹೇಬನ ಮಗಳು ಒಪ್ಪಿದಳು. ಗೋರಿಗಳು ಎಲ್ಲಿದ್ದವೋ ಅಲ್ಲೇ ಇವೆ. ಕೆಲವು ತಿಂಗಳ ಮೇಲೆ ನನ್ನ ಫೋನಿಗೆ ಒಂದು ಫೋಟೊ ಬಂತು. ಮಂಜು ಬಿದ್ದ ಬೀದಿ, ಹಳೆಯ ಕಾಲದ ಎತ್ತರದ ಮನೆ, ಅದರ ಮೆಟ್ಟಿಲ ಮೇಲೆ ನಮ್ಮ ಊರಿನ ಕಪ್ಪು ಕಲ್ಲು. ಅವ್ವ ಅದನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿ, ಕಲ್ಲಿಗೆ ಚಳಿಯಾದೀತು ಎಂದಳು. ಫೋಟೊದ ಹಿಂದೆಯೇ ಒಂದು ಪಾರ್ಸಲ್ಲೂ ಬಂತು. ಅದರಲ್ಲಿದ್ದದ್ದು ಅದೇ ಮನೆಯ ಅಂಗಳದ ಕಲ್ಲು, ಬೆಲ್ಲದ ಬಣ್ಣದ್ದು. ಅವ್ವ ಅದನ್ನು ಸಾಹೇಬ್ರು ಎಂದೇ ಕರೆದಳು. ಬೇಸಿಗೆಯಲ್ಲಿ ನೀರು ಸರಿಯುವವರೆಗೆ ಜೋಪಾನವಾಗಿಡು ಎಂದು, ಹಳೆಯ ನಂಬಿಕೆಯಿಂದ ನನ್ನ ಜೇಬಿಗೇ ಹಾಕಿದಳು. ಮುಂದಿನದ್ದು ನಿಮಗೆ ಗೊತ್ತು. ಸಾಹೇಬರು ಸೋಪಿನ ಪುಡಿಯಲ್ಲಿ ಅಭ್ಯಂಜನ ಮಾಡಿಕೊಂಡು ಎದ್ದು ಬಂದರು.

ಇನ್ನು ನಿನ್ನ ಜೇಬನ್ನು ನಂಬುವ ಹಾಗಿಲ್ಲ, ನೀರೂ ಸರಿದಿರಬೇಕು, ಈ ಭಾನುವಾರವೇ ನಡೆ ಎಂದಳು ಅವ್ವ. ಹೋದೆವು. ನೀರು ದೂರಕ್ಕೆ ಸರಿದಿತ್ತು. ಒಣಗಿದ ಕೆಸರಿನಲ್ಲಿ ಯಾರೋ ಕಲ್ಲಂಗಡಿ ಹಾಕಿದ್ದರು. ಅವ್ವ ನನ್ನ ತೋಳು ಹಿಡಿದು, ಯಾವ ಬೀದಿಯೂ ಇಲ್ಲದ ಕಡೆ ಬೀದಿ ಹಿಡಿದು, ತಿರುವಿನಲ್ಲಿ ತಿರುಗಿ ತನ್ನ ಮನೆಯ ಮುಂದೆ ನಿಂತಳು. ಮೊಳಕಾಲೆತ್ತರದ ಗೋಡೆಯ ಬುಡ, ಒಂದು ಹೊಸ್ತಿಲು, ಒಂದು ಒಳಕಲ್ಲು. ಹೊ‍ಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ನನಗೂ ಬಿಡು ಎಂದಳು. ಒಳಗಿನ ನೆಲ ಕಾದ ಹಂಚಾಗಿತ್ತು. ನಾನು ನಮ್ಮ ವಾಷಿಂಗ್ ಮಷೀನಿನ ಹಾಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕುಣಿಯುತ್ತಿದ್ದರೆ, ಅವ್ವ ನೆರಳಿನಲ್ಲಿದ್ದವಳ ಹಾಗೆ ನಿಧಾನವಾಗಿ ನಡೆದು, ಸೆರಗಿನ ಗಂಟು ಬಿಚ್ಚಿ, ಕಲ್ಲನ್ನು ನೆಲದ ಮೇಲೆ ಇಟ್ಟಳು.

"ಬರ್ರಿ ಸಾಹೇಬ್ರ, ಕೂಡ್ರಿ," ಎಂದಳು. "ಇದು ನಮ್ಮ ಪಡಸಾಲಿ. ಅದು ಅಡಗಿಮನಿ. ಚಾ ಮಾಡ್ತಿದ್ದೆ, ಒಲಿ ನಿಮ್ಮ ಡ್ಯಾಮಿನ್ಯಾಗ ಹೋಗೇತಿ."

ಹೇಳಿ ತಾನೇ ನಕ್ಕಳು, ನಕ್ಕು ಅಲ್ಲೇ ಪಕ್ಕದಲ್ಲಿ ಕೂತಳು. ಕಾಲು ಸುಡುತ್ತಿದ್ದರೂ ನನಗೆ ಎಂಥದೋ ಖುಷಿ. ಎಪ್ಪತ್ತು ವರ್ಷದ ಮೇಲೆ ನಮ್ಮವ್ವನ ತವರಿಗೆ ಒಬ್ಬ ನೆಂಟ ಬಂದಿದ್ದ. ಹೊತ್ತು ಏರಿದ ಮೇಲೆ ಹೊರಡೋಣವೆಂದು ನಾನು ಕಲ್ಲನ್ನು ಎತ್ತಿಕೊಳ್ಳಲು ಹೋದೆ. ಅವ್ವ ನನ್ನ ಕೈ ತಡೆದಳು. ಮಳೆಗಾಲದಲ್ಲಿ ಮತ್ತೆ ನೀರು ಬರುತ್ತದಲ್ಲವ್ವಾ, ಮುಳುಗಿ ಹೋಗುತ್ತದೆ ಎಂದೆ.

"ಬರ್ಲಿ ಬಿಡು," ಎಂದಳು. "ಈ ಸಲ ಮನ್ಯಾಗ ಯಾರರ ಇರ್ತಾರಲ್ಲ."